ಆರಕ್ಕೇರದೆ ಮೂರಕ್ಕಿಳಿಯದೆ

ನವೆಂಬರ್ 3, ಸೋಮವಾರ

ನಾಲ್ಕನೇ ಕ್ಲಾಸಿನ ಉಕ್ತಲೇಖನ ತಿದ್ದುತ್ತಾ ಕೂತಿದ್ದೇನೆ. ‘ಹಳ್ಳಿಯ ಹುಡುಗ ಹಳ್ಳ ಹಾರಿದ’ ಅಂತ ಹೇಳಿದ್ದೆ. ಮುಕ್ಕಾಲು ಪಾಲು ಮಕ್ಕಳು ‘ಅಳ್ಳಿಯ ಉಡುಗ ಅಳ್ಳ ಆರಿದ’ ಅಂತ ಬರೆದಿದ್ದಾರೆ. ಒಬ್ಬ ಜಾಣ ಯಾಕೆ ರಿಸ್ಕು ಅಂತ ಎಲ್ಲದಕ್ಕೂ ಹ ಹಾಕಿ, ‘ಅಮ್ಮ ಅಡುಗೆ ಮಾಡಿದಳು’ ಅನ್ನುವುದನ್ನೂ ‘ಹಮ್ಮ ಹಡುಗೆ ಮಾಡಿದಳು’ ಅಂದಿದ್ದಾನೆ. ಅವನಿಗೆ ಅರ್ಧ ಮಾರ್ಕು. ಪ್ರಯತ್ನಕ್ಕೆ.

ಮಂಡ್ಯದಲ್ಲಿ ಹಕಾರ ಕಲಿಸಲು ನನಗೆ ಸಂಬಳ ಕೊಡುತ್ತಾರೆ. ಬಸ್ಸು ಹತ್ತಿ ಕೊತ್ತತ್ತಿಗೆ ಬಂದರೆ ಮನೆಯಲ್ಲೇ ಹ ಇಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ “ಆಲು ಉಕ್ತದೆ ನೋಡವ್ವ” ಅಂದರು. “ಹಾಲು, ಅತ್ತೆ” ಅಂದೆ. “ಅದೇ ಕಣವ್ವ, ಆಲು” ಅಂದರು. ಅಷ್ಟರಲ್ಲಿ ಉಕ್ಕಿಹೋಗಿತ್ತು. ಅಲ್ಲಿಗೆ ತಿದ್ದುವುದು ಬಿಟ್ಟೆ.

ನನ್ನ ಗಂಡ ಶಿವು ಮದ್ದೂರಿನ ಫ್ಯಾಕ್ಟರಿಯಿಂದ ಇನ್ನೂ ಬಂದಿಲ್ಲ. ಬಂದ ಮೇಲೆ ಕಾಫಿ, ಆಮೇಲೆ ಟಿವಿ ಮುಂದೆ ಇಬ್ಬರೂ ‘ಕಾಪರ್ ಕಂಪಾಸ್’. ತಾಮ್ರದ ದಿಕ್ಸೂಚಿ ಹಿಡಿದು ಹಾಳೂರುಗಳನ್ನು ಹುಡುಕುವ ವೆರಾ ಅನ್ನೋಳ ವಿಡಿಯೋ ಗೇಮು. ಇಲ್ಲಿಯವರೆಗೆ ಆರು ಭಾಗ ಬಂದಿದೆ. ಏಳನೆಯದು ಬರುವ ವರ್ಷವಂತೆ. ನಮ್ಮಮ್ಮನಿಗೆ ಇವತ್ತಿಗೂ ಅದು ಜಾಮಿಟ್ರಿ ಬಾಕ್ಸು. “ಗಂಡ ಹೆಂಡ್ತಿ ಸಂಜೆ ಲೆಕ್ಕ ಮಾಡ್ತಾರೆ” ಅಂತ ನೆಂಟರಿಗೆಲ್ಲ ಹೇಳಿದ್ದಾಳೆ.

ಹೆಣ್ಣು ನೋಡಲು ಬಂದ ದಿನ ಅಡುಗೆಮನೆ ಬಾಗಿಲಲ್ಲಿ ಮಾತಾಡಿಕೊಳ್ಳಿ ಅಂತ ಬಿಟ್ಟಿದ್ದರು. ಒಳಗೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದ್ದಳು. ಗೇಮ್ ಆಡ್ತೀನಿ ಅಂದೆ. ಅವನ ಕಣ್ಣು ಅರಳಿತು. ಕಂಪಾಸ್‌ನಲ್ಲಿ ಯಾವ ಭಾಗ ಇಷ್ಟ ಅಂತ ಕೇಳಿದ. ಹೇಳಿದೆ. ಸಂಜೆಯೇ ಒಪ್ಪಿಗೆ ಅಂತ ಫೋನು ಬಂತು. ಜಾತಕ ಕೂಡಿದ್ದು ಆಮೇಲೆ.

ನವೆಂಬರ್ 9, ಭಾನುವಾರ

ಪೆನ್ನಿನ ಮೊನೆ ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಇವತ್ತು ‘ಕಂಪಾಸ್ ಕುಲಸ್ಥರು’ ಗ್ರೂಪಿನ ಮೀಟಿಂಗು. ಮಂಡ್ಯದವರಿಗೂ ಮಳವಳ್ಳಿಯವರಿಗೂ ಅನುಕೂಲ ಅಂತ ಯಾವಾಗಲೂ ಮದ್ದೂರಿನ ಹೋಟೆಲಿನಲ್ಲೇ. ಅಡ್ಮಿನ್ ಲಿಂಗರಾಜು, ಶಿವುನ ಡಿಪ್ಲೊಮಾ ಗೆಳೆಯ, ಮಳವಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅಂಗಡಿಯ ಶಟರ್ ಮೇಲೆ ಕಂಪಾಸ್‌ನ ಅತ್ಯುತ್ತಮ ಭಾಗದ ಚಿತ್ರ ಬರೆಸುತ್ತಾನಂತೆ. ಯಾವುದು ಅತ್ಯುತ್ತಮ, ಕೈ ಎತ್ತಿ ಅಂದ.

ವಡೆ ಬರುವ ಮೊದಲೇ ಜಗಳ ಬಂತು. ಒಂದು, ಎರಡು, ನಾಲ್ಕು, ಐದು ಬೇಗ ಬಿದ್ದುಹೋದವು. ಉಳಿದದ್ದು ಮೂರು ಮತ್ತು ಆರು. ಮೂರರಲ್ಲಿ ಹಿಮದ ದ್ವೀಪ, ಕುಸಿಯುವ ಸೇತುವೆ, ಬರೀ ನೆಗೆತ. ಆರರಲ್ಲಿ ವೆರಾಗೆ ತಲೆ ನೆರೆತಿದೆ. ಅಣೆಕಟ್ಟಲ್ಲಿ ಮುಳುಗಿದ ತನ್ನೂರಿಗೇ ಹೋಗುತ್ತಾಳೆ. ನಿಧಿಯಿಲ್ಲ. ಕೊನೆಗೆ ತನ್ನ ಮನೆಯ ಹೊಸಿಲು ಸಿಗುತ್ತದೆ, ಅದರ ಮೇಲೆ ಕೂರುತ್ತಾಳೆ. ಆಟ ಮುಗಿಯಿತು. ನಾನು ಪ್ರತಿ ಸಲ ಅಳುತ್ತೇನೆ.

“ಆರ್‌ನಲ್ಲಿ ಏನೈತ್ಲಾ, ಬರೀ ನಡ್ಯೋದು. ನಡ್ಯೋಕೆ ಗೇಮ್ ಯಾಕ್ ಬೇಕು, ಗದ್ದೆ ಬದಿ ಇಲ್ವಾ” ಅಂದ ಶಿವು. “ನಮ್ಮನೇವು ಎರಡೋಟೂ ಮೂರ್ಕೇ ಬರ್ಕೊ.”

ನಾನು ಆರಕ್ಕೆ ಕೈ ಎತ್ತಿದೆ.

“ನಾಗು, ತಪ್ಪಾಗ್ ಎತ್ತಿದೀಯ” ಅಂದ.

“ಸರಿಯಾಗೇ ಎತ್ತಿದೀನಿ.”

“ನೋಡಕ್ ಬಂದಾಗ ಮೂರು ಅಂದೆ?”

“ಆರು ಅಂದೆ.”

ಯಾರೂ ವಡೆ ಮುಟ್ಟಲಿಲ್ಲ. ಲಿಂಗರಾಜು ಸುಮ್ಮನಿರಬಹುದಿತ್ತು. “ಲೇ ಶಿವರಾಜು, ಉಡ್ಗಿ ಮೂರು ಅಂದ್ಲು, ಅದ್ಕೇ ಒಪ್ಕಂಡೆ ಅಂತ ಊರ್‌ಗೆಲ್ಲ ಏಳ್ಕಂಡ್ ಬಂದಿದ್ಯಲ್ಲಾ” ಅಂದ.

ಎಣಿಸಿದರೆ ಓಟು ಸಮ ಸಮ. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಬೈಕಿನಲ್ಲಿ ಬರುವಾಗ ಇಬ್ಬರ ನಡುವೆ ಹೆಲ್ಮೆಟ್ ಇಟ್ಟುಕೊಂಡೆ.

ನವೆಂಬರ್ 10

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಉಂಡಾಯಿತು, ಮಲಗಿದ್ದೂ ಆಯಿತು. ಬೆಳಿಗ್ಗೆ ನಮಗಿಂತ ಮೊದಲು ಜಗಳವೇ ಎದ್ದು ಕೂತಿತ್ತು.

ನವೆಂಬರ್ 12, ಬುಧವಾರ

ಮಾತು ಅತ್ತೆಯ ಮೂಲಕ ನಡೆಯುತ್ತಿದೆ. “ಅವ್ವ, ಉಪ್ಪು ಕೊಡಕ್ ಏಳು.” ಉಪ್ಪು ನನ್ನ ಮೊಣಕೈ ಹತ್ತಿರ ಇತ್ತು. ಅತ್ತೆಗೆ ಕೊಟ್ಟೆ, ಅವರು ಅವನಿಗೆ ಕೊಟ್ಟರು.

ನನಗೆ ನಿಜವಾಗಿ ಭಯ. ಗೇಮಿನ ವಿಷಯಕ್ಕಲ್ಲ. ಇವನು ನನ್ನನ್ನು ಒಪ್ಪಿದನೋ, ಆ ಮೂರನ್ನು ಒಪ್ಪಿದನೋ? ಮಿಕ್ಸಿ ಓಡದಿದ್ದರೆ, ನಾನಂದದ್ದು ಸರಿಯಾಗಿ ಕೇಳಿದ್ದರೆ, ಎದ್ದು ಹೋಗುತ್ತಿದ್ದನಾ? ಕೇಳಬೇಕು. ಕೇಳೋಣ ಅಂದರೆ ಮಾತು ಬಿಟ್ಟಿದ್ದೇವೆ.

ನವೆಂಬರ್ 15, ಶನಿವಾರ. ಮಧ್ಯಾಹ್ನ

ಮಾನ ಹೋಯಿತು.

ಬಟ್ಟೆ ಒಣಹಾಕುವಾಗ ಪಕ್ಕದ ಮನೆ ಮುದ್ದಮ್ಮ ಬೇಲಿಗೆ ಒರಗಿ, “ಈಗಿನ್ ಕಾಲ್ದಲ್ಲಿ ಆರ್ ಯಾಕ್ ಕಣವ್ವ, ಸಾಕೋದ್ಯಾರು?” ಅಂದರು. ಅರ್ಥವಾಗಲಿಲ್ಲ. ಒಳಗೆ ಬಂದರೆ ಅತ್ತೆ ಕೂರಿಸಿಕೊಂಡು ಕೈ ಹಿಡಿದರು.

“ನೋಡವ್ವ, ನನ್ ಮಗ ಮೂರು ಅಂತಾನೆ, ನೀನು ಆರು ಅಂತೀಯ. ಅವತ್ ರಾತ್ರಿ ಗ್ವಾಡೆ ಈಚೆಗೆಲ್ಲ ಕೇಳುಸ್ತು. ಆಸೆ ಇರ್ಬೇಕು, ಬ್ಯಾಡ ಅನ್ನಲ್ಲ. ನಿನ್ ಮೈ ತಡೀಬೇಕಲ್ಲ. ಮೊದ್ಲು ಒಂದಾಗ್ಲಿ ಬುಡು, ಆಮೇಕ್ ಲೆಕ್ಕ.”

ಮಕ್ಕಳು. ಊರೆಲ್ಲ ನಾವು ಮಕ್ಕಳ ಲೆಕ್ಕಕ್ಕೆ ಕಿತ್ತಾಡುತ್ತಿದ್ದೇವೆ ಅಂದುಕೊಂಡಿದೆ. ಅದರಲ್ಲೂ ಆರು ಕೇಳಿದವಳು ನಾನು. ಅತ್ತೆಗೆ ಗೇಮು, ಭಾಗ, ವೆರಾ ಎಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, “ಊ, ನಾಚ್ಕೆ ಇರ್ತದೆ” ಅಂದರು.

ಹಿತ್ತಲ ಬಾಗಿಲಲ್ಲಿ ಶಿವು ನಿಂತಿದ್ದ. ಅವನ ಹೊಟ್ಟೆ ಕುಣಿಯುತ್ತಿತ್ತು. ನನಗೂ ನಗು ಬಂತು. ಕಣ್ಣು ಸೇರಿತು. ತಕ್ಷಣ ಇಬ್ಬರಿಗೂ ಜಗಳ ನೆನಪಾಯಿತು.

ನವೆಂಬರ್ 23, ಭಾನುವಾರ. ಸಂಜೆ

ಲಿಂಗರಾಜು ತೀರ್ಪಿಗೆ ದಾರಿ ಹುಡುಕಿಕೊಂಡು ಮಳವಳ್ಳಿಯಿಂದ ಬಂದಿದ್ದ. ಎರಡೂ ಆಡದ, ಯಾರ ಕಡೆಗೂ ಸೇರದ ಒಬ್ಬರು ಎರಡನ್ನೂ ನೋಡಿ ಹೇಳಬೇಕು. ಗ್ರೂಪು ಒಪ್ಪಿದೆ. ಆ ಒಬ್ಬರು ನಮ್ಮತ್ತೆ ದೇವೀರಮ್ಮನವರು.

ಅತ್ತೆ ಅವರೆಕಾಯಿ ಮೊರ ಇಟ್ಟುಕೊಂಡು ಟಿವಿ ಮುಂದೆ ಕೂತರು. ಮೊದಲು ನಾನು ಆರು ಆಡಿದೆ. ಅತ್ತೆ ಅವರೆ ಸುಲಿದರು. ವೆರಾ ಹೊಸಿಲ ಮೇಲೆ ಕೂತಾಗ ಕೂಡ ಸುಲಿಯುತ್ತಲೇ ಇದ್ದರು. ಆರು ಸೋತಿತು ಅಂದುಕೊಂಡೆ.

ಆಮೇಲೆ ಶಿವು ಮೂರು ಹಾಕಿದ. ಸೇತುವೆ ಬಂತು. ಹಲಗೆ ಒಂದೊಂದೇ ಕಳಚಿ ಬೀಳುತ್ತಿದೆ, ವೆರಾ ತುದಿಯಲ್ಲಿ ನಿಂತಿದ್ದಾಳೆ. ಅತ್ತೆಯ ಕೈ ನಿಂತಿತು. ಮೊರ ಜಾರಿತು. ಎದ್ದು ನಿಂತುಬಿಟ್ಟರು.

“ಆರು ಕಣಮ್ಮಿ, ಆರು, ಆರು.”

ಲಿಂಗರಾಜು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. “ಆಯ್ತು. ಆರ್ಕೆ ಓಟು. ಮೂರ್ ಸಲ ಅಂದವ್ರೆ” ಅಂದ.

“ಲೇ, ಅವ್ವ ನೆಗಿ ಅಂದಿದ್ದು” ಅಂತ ಶಿವು ಕಂಟ್ರೋಲರ್ ಕೆಳಗಿಟ್ಟ.

“ಆರು ಅಂದ್ರೆ ಆರೇ. ರೆಕಾರ್ಡ್ ಐತೆ. ಮೇಡಂ ಕನ್ನಡ ಟೀಚರ್ರು, ಅವ್ರೇ ಏಳ್ಲಿ.”

ಎಲ್ಲರೂ ನನ್ನನ್ನು ನೋಡಿದರು. ಶಿವು ನೋಡಲಿಲ್ಲ. ಸೋತವನ ಹಾಗೆ ಚೆಲ್ಲಿದ ಅವರೆ ಆರಿಸುತ್ತಾ ಕೂತಿದ್ದ. ಸುಮ್ಮನೆ ತಲೆ ಆಡಿಸಿದ್ದರೆ ಮಳವಳ್ಳಿಯ ಶಟರ್ ಮೇಲೆ ನನ್ನ ಹೊಸಿಲು ಬರುತ್ತಿತ್ತು. ತಲೆ ಆಡಿಸಬೇಕೆಂದು ಬಹಳ ಅನ್ನಿಸಿತು. ಆದರೆ ‘ಅಳ್ಳ ಆರಿದ’ ಅಂತ ಬರೆದವರಿಗೆಲ್ಲ ಕೆಂಪು ಗೆರೆ ಎಳೆದು ಬಂದಿದ್ದೇನೆ. ಮನೆಗೊಂದು, ಶಾಲೆಗೊಂದು ಕನ್ನಡ ಆಗುವುದಿಲ್ಲ.

“ಅದು ಹಾರು. ಹ ಬಿಟ್ಟುಹೋಗಿದೆ. ಓಟು ಲೆಕ್ಕಕ್ಕಿಲ್ಲ” ಅಂದೆ.

ಶಿವು ಈಗ ನೋಡಿದ.

ಲಿಂಗರಾಜು ತಲೆ ಚಚ್ಚಿಕೊಂಡ. “ಅವ್ವ, ನೀನೇ ಬುಡ್ಸಿ ಏಳು. ಯಾವ್ದು ಚೆಂದಾಗೈತೆ?”

ಅತ್ತೆ ಟಿವಿ ಕಡೆ ಕೈ ತೋರಿಸಿದರು. “ಆ ಮಗ ಬೆಳಗಿಂದ ಏನೂ ತಿಂದಿಲ್ಲ ಕಣ್ಲಾ. ಉಂಡ್ಕಂಡ್ ಓಗು ಅಂತ ಏಳು.”

“ಏಳಾ?” ಅಂದ ಲಿಂಗರಾಜು. “ಏಳು ಇನ್ನೂ ಬಂದೇ ಇಲ್ವಲ್ಲವ್ವ.”

ಅವರೆಕಾಳು ಸಾರು, ಮುದ್ದೆ ಉಂಡು ಹೋದ. ಹೋಗುವಾಗ, ಶಟರ್‌ಗೆ ಬರೀ ಬಣ್ಣ ಬಳಿಸ್ತೀನಿ ಅಂದ.

ನವೆಂಬರ್ 24

ತಿಂಡಿ ಹೊತ್ತಿಗೆ “ಉಪ್ಪು ಕೊಡು ನಾಗು” ಅಂದ. ಅತ್ತೆ ಮಧ್ಯದಲ್ಲಿ ಇರಲಿಲ್ಲ. ಕೊಟ್ಟೆ. ಕೇಳಬೇಕಾದ್ದು ಇವತ್ತೂ ಕೇಳಲಿಲ್ಲ.

ನವೆಂಬರ್ 30, ಭಾನುವಾರ. ಸಂಜೆ

ತಲೆ ಇನ್ನೂ ಒದ್ದೆ.

ಮಧ್ಯಾಹ್ನ ಕಬ್ಬಿನ ಗದ್ದೆ ಕಡೆ ಹೋಗಿ ಬರೋಣ ಅಂದ. ಹೋದೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದಾರೆ. ಬದುವಿನ ಮೇಲೆ ಅವನು ಮುಂದೆ, ನಾನು ಹಿಂದೆ. ಬೆನ್ನು ನೋಡಿಕೊಂಡು ಕೇಳುವುದು ಸುಲಭ ಅನ್ನಿಸಿತು. ಕೇಳಿಬಿಟ್ಟೆ.

“ಅವತ್ತು ಆರು ಅಂತ ಕೇಳಿಸಿದ್ರೆ ಒಪ್ತಿದ್ಯಾ?”

ಅಡ್ಡ ಬಂದ ಕಬ್ಬಿನ ಗರಿ ಸರಿಸಿದ. ಆಮೇಲೆ ತಿರುಗದೆಯೇ ಅಂದ. “ಅವತ್ತು ನೀನ್ ಯಾವ ಭಾಗ ಅಂದೆ ಅನ್ನೋದೇ ಕೇಳುಸ್ಲಿಲ್ಲ ಕಣೆ. ಮಿಕ್ಸಿ ಓಡ್ತಿತ್ತು. ನಿನ್ ಬಾಯಿ ಆಡೋದು ನೋಡ್ತಾ ನಿಂತಿದ್ದೆ. ಏನಂದೆ ಅಂತ ತಿರ್ಗ ಕೇಳಕ್ಕೆ ನಾಚ್ಕೆ ಆಯ್ತು. ನಂಗಿಷ್ಟ ಆಗಿದ್ದನ್ನೇ ಅಂದಿರ್ತೀಯ ಅಂದ್ಕೊಂಡೆ.”

“ಮತ್ತೆ ಊರಿಗೆಲ್ಲ ಹಾಗೆ ಹೇಳಿದ್ದು?”

“ಬಾಯ್ ನೋಡ್ತಿದ್ದೆ ಅಂತ ಲಿಂಗರಾಜುಗೆ ಏಳಕ್ಕಾಯ್ತದಾ?”

ಖುಷಿಯಾಯಿತು. ಎಷ್ಟು ಅಂತ ಬರೆಯಲು ಬರುತ್ತಿಲ್ಲ. ಅಮ್ಮನ ಮಿಕ್ಸಿಗೆ ಕುಂಕುಮ ಇಡಬೇಕು.

ಸಣ್ಣ ಕಾಲುವೆ ಬಂತು. ಅವನು ಒಂದೇ ನೆಗೆತಕ್ಕೆ ಆ ದಡ ಸೇರಿದ. ತಿರುಗಿ ಕೈ ಚಾಚಿದ.

“ಆರು” ಅಂದ.

“ಯಾವ ಆರು? ಅದನ್ನು ಹೇಳು ಮೊದಲು.”

“ಸುಮ್ನೆ ಆರು ನಾಗು.” ಮುಖದಲ್ಲಿ ನಗು ಇತ್ತು. ಕಳ್ಳ ನಗು.

ಚಪ್ಪಲಿ ಆ ಕಡೆ ಎಸೆದು, ಚೂಡಿದಾರ್ ಮಡಿಸಿ ಹಾರಿದೆ. ದಡ ಸಿಗಲಿಲ್ಲ, ಅವನ ಕೈ ಸಿಕ್ಕಿತು. ಇಬ್ಬರೂ ನೀರಿಗೆ.

ನೀರು ಸೋರಿಸಿಕೊಂಡು ಮನೆಗೆ ಬಂದಾಗ ಅತ್ತೆ ಜಗಲಿ ಮೇಲಿದ್ದರು, ಪಕ್ಕದಲ್ಲಿ ಮುದ್ದಮ್ಮ. ಕಾಲುವೆಗೆ ಬಿದ್ದೆವು ಅಂದೆ. “ಯಾರ್ಲಾ ಅವ್ಳಿಗೆ ಆರು ಅಂದೋನು?” ಅಂತ ಅತ್ತೆ ಗದರಿದರು.

“ನಾನೇ ಕಣವ್ವ ಆರು ಅಂದಿದ್ದು” ಅಂದ ಶಿವು.

ಮುದ್ದಮ್ಮ ಕೆನ್ನೆಗೆ ಕೈ ಇಟ್ಟುಕೊಂಡರು. “ಒಪ್ಕಂಡ್ನಾ?”

ಒಪ್ಪಿಕೊಂಡ. ಸ್ವಂತ ಬಾಯಲ್ಲಿ, ಎರಡು ಸಾಕ್ಷಿಗಳ ಮುಂದೆ. ಹ ಬಿಟ್ಟುಹೋಗಿದೆ ಅಂತ ಈ ಸಲ ನಾನಂತೂ ಹೇಳುವವಳಲ್ಲ. ಅವನು ಸ್ನಾನಕ್ಕೆ ಹೋಗಿದ್ದಾನೆ. ಶಟರ್‌ಗೆ ಬಣ್ಣ ಬಳಿಯುವ ಮೊದಲು ಲಿಂಗರಾಜುಗೆ ಒಂದು ಫೋನ್—