ಹಿತ್ತಲಿಗೆ ಸಿಮೆಂಟ್ ಸುರಿಯಿರೆಂದು ನಾನು ಕೇಳಿರಲಿಲ್ಲ

ಮಾನ್ಯ ಶಿಶುಶಿಕ್ಷಣ ಅಧಿಕಾರಿಗಳೇ,

ಒಬ್ಬ ಇಸ್ತ್ರಿ ಅಂಗಡಿಯವನ ನಾಲ್ಕು ಸಾಲಿನ ಅರ್ಜಿಯನ್ನು ನೆಪ ಮಾಡಿಕೊಂಡು ನೀವು ಶಿಶುವಿಹಾರದ ಹಿತ್ತಲಿಗೆ ಸಿಮೆಂಟ್ ಹಾಕಲು ಆದೇಶಿಸಿದ್ದೀರಿ. ದಿನವೂ ಎರಡು ಗಂಟೆ ಮಕ್ಕಳನ್ನು ಅಲ್ಲಿಯ ಮಣ್ಣಿನಲ್ಲಿ ಆಡಲು ಕರೆದೊಯ್ಯುತ್ತಿದ್ದ ಟೀಚರನ್ನು ನಿಮ್ಮ ಕಚೇರಿಯ ದಾಸ್ತಾನು ಕೋಣೆಗೆ ಎತ್ತಂಗಡಿ ಮಾಡಿದ್ದೀರಿ. ಆ ಇಸ್ತ್ರಿ ಅಂಗಡಿಯವ ನಾನೇ. ನಾನು ಕೇಳಿದ್ದು ಇದನ್ನಲ್ಲ.

ಕೇಳಿದ್ದು ಏನೆಂದು ಊರಿಗೆಲ್ಲ ತಿಳಿಯಲಿ. ನನ್ನ ಐದು ವರ್ಷದ ಮಗಳು ಬಿಳಿ ಸಮವಸ್ತ್ರ ತೊಟ್ಟು ಹೋಗಿ ಕೆಸರು ಮೆತ್ತಿಕೊಂಡು ಬರುತ್ತಿದ್ದಳು. ಒಬ್ಬ ಗಿರಾಕಿ ಶರ್ಟು ತೆಗೆದುಕೊಳ್ಳುತ್ತಾ, "ಊರವರ ಬಟ್ಟೆಗೆಲ್ಲ ಗೆರೆ ಕೂರಿಸ್ತೀರಿ, ನಿಮ್ಮ ಮಗು ಮಾತ್ರ ಚರಂಡಿಯಿಂದ ಎದ್ದು ಬಂದ ಹಾಗಿದೆಯಲ್ರೀ" ಅಂದರು. ನನಗೆ ಮುಖ ಎತ್ತಲಾಗಲಿಲ್ಲ. ಅದೇ ಬೇಸರದಲ್ಲಿ ಬರೆದೆ. ಮೊದಲ ಮೂರು ಸಾಲು ಮಣ್ಣಿನ ಮೇಲಿನ ಗೊಣಗಾಟ, ನಿಜ. ನಾಲ್ಕನೆಯದು ಬೇಡಿಕೆ: ಹಿತ್ತಲಿಗೆ ಹೋಗುವ ಹೊತ್ತಿನಲ್ಲಿ ಮಕ್ಕಳಿಗೆ ಹಳೆಯ ಬಟ್ಟೆ ಹಾಕಲು ಅನುಮತಿ ಕೊಡಿ.

ಅಷ್ಟೇ ಸ್ವಾಮಿ. ಆದರೆ ಸಮವಸ್ತ್ರದ ನಿಯಮ ಬದಲಿಸಬೇಕಾದರೆ ಮೇಲಿನವರನ್ನು ಕೇಳಬೇಕು, ನೆಲ ಬದಲಿಸಲು ಯಾರನ್ನೂ ಕೇಳಬೇಕಾಗಿಲ್ಲ. ಎಷ್ಟು ಚೊಕ್ಕವಾದ ಆಡಳಿತ! ಪರಿಶೀಲನೆಗೆಂದು ಬಂದ ನೀವು ಹಿತ್ತಲ ಬಾಗಿಲಿನ ಹೊಸ್ತಿಲು ದಾಟಲಿಲ್ಲ. ಅಲ್ಲೇ ನಿಂತು ಮೂಗು ಮುರಿದು, "ಕಲಿಕೆಗೆ ಸಂಬಂಧಿಸದ ಚಟುವಟಿಕೆ" ಎಂದು ಬರೆದುಕೊಂಡು ಹೋದಿರಿ. ನಿಮ್ಮ ಬೂಟುಗಳು ಆ ದಿನ ಸುರಕ್ಷಿತವಾಗಿ ಮನೆ ಸೇರಿದ್ದಕ್ಕೆ ಅಭಿನಂದನೆಗಳು.

ಕಲಿಕೆ ಎಂದರೆ ಯಾವುದು, ನೀವೇ ಹೇಳಿ. ಒಂದು ಸಂಜೆ ಮಗಳು ಒದ್ದೆ ಎಲೆಯಲ್ಲಿ ಎರೆಹುಳು ಸುತ್ತಿಕೊಂಡು ನನ್ನ ಅಂಗಡಿಗೆ ಬಂದಳು. ನನಗೆ ತೋರಿಸಬೇಕೆಂದು ಕದ್ದು ತಂದಿದ್ದಳಂತೆ. ಎರಡು ನಿಮಿಷವಾಗಿರಲಿಲ್ಲ, ಅವಳ ಮುಖ ಬಾಡಿತು.

"ಅಪ್ಪಾ, ನಿನ್ನ ಅಂಗಡಿ ತುಂಬಾ ಬಿಸಿ. ಇದು ಮೈಯಿಂದಾನೇ ಉಸಿರಾಡೋದು. ಒಣಗಿದ್ರೆ ಸತ್ತೋಗುತ್ತೆ. ವಾಪಸ್ ಬಿಟ್ಟು ಬರೋಣ ಬಾ."

"ನಾಳೆ ಬಿಡೋಣ ಬಿಡೇ, ಕೆಲಸ ಇದೆ."

"ನಾಳೆ ತನಕ ನೀನು ಉಸಿರು ಹಿಡ್ಕೊಂಡಿರ್ತೀಯಾ?"

ಇಸ್ತ್ರಿಪೆಟ್ಟಿಗೆ ಆರಿಸಿ ಹೊರಟೆ. ಕಾವಲುಗಾರನನ್ನು ಬೇಡಿಕೊಂಡು ಒಳಗೆ ಹೋಗಿ, ಇಬ್ಬರೂ ಮಂಡಿಯೂರಿ, ಅವಳು ತೋರಿಸಿದ ಕಡೆಯೇ ಅದನ್ನು ಬಿಟ್ಟೆವು. ಎರೆಹುಳು ಮೈಯಿಂದ ಉಸಿರಾಡುತ್ತದೆ ಎಂಬುದು ಮೂವತ್ತೆಂಟು ವರ್ಷದ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ? ತಾನು ಎತ್ತಿಕೊಂಡ ಜೀವ ತನ್ನ ಜವಾಬ್ದಾರಿ ಎಂಬುದನ್ನು ಅವಳಿಗೆ ಯಾರೂ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ್ದಲ್ಲ. ಈಗ ಹಿತ್ತಲಿಗೆ ಬೀಗ ಬಿದ್ದಿದೆ, ಗೋಡೆಗೆ ಎರೆಹುಳುವಿನ ಬಣ್ಣದ ಚಿತ್ರ ಬಂದಿದೆ. ಅದನ್ನೂ ಮುಟ್ಟಬಾರದಂತೆ, ಕೊಳೆಯಾಗುತ್ತದಂತೆ.

ಇಷ್ಟಾದರೂ ನಾನು ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೇನೋ. ಆದರೆ ಕಳೆದ ವಾರ ಪಾಲಕರ ಸಭೆಯಲ್ಲಿ ನೀವು ಮಾಡಿದ್ದನ್ನು ನಾನು ಕ್ಷಮಿಸಲಾರೆ. ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿದ್ದರು. ನೀವು ನನ್ನ ಅರ್ಜಿಯ ಮೊದಲ ಮೂರು ಸಾಲನ್ನು ಗಟ್ಟಿಯಾಗಿ ಓದಿ, ಕಾಗದ ಮಡಚಿ, ನನ್ನ ಮಗಳ ತಲೆ ಸವರಿ, "ಈ ಮಗುವಿನ ತಂದೆಯ ಕಾಳಜಿ ಎಲ್ಲರಿಗೂ ಬರಲಿ" ಅಂದಿರಿ. ನಾನು ಎದ್ದು ನಿಂತೆ. "ಪ್ರಶ್ನೆಗಳಿದ್ದರೆ ಲಿಖಿತವಾಗಿ ಕೊಡಿ" ಅಂದಿರಿ. ತಗೊಳ್ಳಿ, ಕೊಡುತ್ತಿದ್ದೇನೆ.

ಅಂದಿನಿಂದ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಂಜೆ ಅಂಗಡಿಯ ಕಡೆ ಸುಳಿಯುವುದಿಲ್ಲ. ಊಟಕ್ಕೆ ಕೂತಾಗ ನನ್ನ ಹೆಂಡತಿಯ ಕಡೆ ತಿರುಗಿ, "ಅಮ್ಮಾ, ಅವರಿಗೆ ಬಡಿಸು" ಅನ್ನುತ್ತಾಳೆ. ನಾನು ಕೇಳಿದ್ದು ಹಳೆಯ ಬಟ್ಟೆಯನ್ನು ಮಾತ್ರ ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಕಾಗದ ಓದಿದವರು ದೊಡ್ಡ ಅಧಿಕಾರಿಗಳು, ಅವರು ಸುಳ್ಳು ಹೇಳುತ್ತಾರೆಯೇ? ಮಗು ನಿಮ್ಮನ್ನು ನಂಬಿದೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಸೋಮವಾರ ಸಿಮೆಂಟ್ ಗಾಡಿ ಬರುತ್ತದಂತೆ. ಅದನ್ನು ನಿಲ್ಲಿಸಿ. ಟೀಚರನ್ನು ವಾಪಸ್ ಕಳಿಸಿ. ದಾಸ್ತಾನು ಕೋಣೆಯಲ್ಲಿ ಪೆನ್ಸಿಲ್ ಡಬ್ಬಿ ಎಣಿಸಲು ನಿಮಗೆ ಬೇರೆ ಯಾರಾದರೂ ಸಿಗುತ್ತಾರೆ. ಆಮೇಲೆ ನೀವೇ ತರಗತಿಗೆ ಬಂದು, ಮಕ್ಕಳ ಆ ಗಿಡ್ಡ ಕುರ್ಚಿಯಲ್ಲಿ ಕೂತು, ನನ್ನ ಮಗಳ ಮುಖ ನೋಡಿಕೊಂಡು ನನ್ನ ಅರ್ಜಿಯನ್ನು ಪೂರ್ತಿ ಓದಿ. ಕ್ಷಮೆ ಕೇಳಬೇಕಾಗಿಲ್ಲ. ನಾಲ್ಕೂ ಸಾಲು ಓದಿದರೆ ಸಾಕು.

ಇಂತಿ,
ನಿಮ್ಮ ಕಡತದಲ್ಲಿ ಕಾಳಜಿಯ ತಂದೆ,
ನನ್ನ ಮನೆಯಲ್ಲಿ 'ಅವರು'