ಕಪಾಟಿನಲ್ಲಿ ಕೂತ ಸೀತನಿ ಜೋಳ

ಮಾನ್ಯ ಬೀಜಾಧಿಕಾರಿಗಳೇ,

ಹುನ್ನೂರಿನ ಮಾಯವ್ವನ ಜೋಳದ ತೆನೆಗಳು ಆರು ತಿಂಗಳಿಂದ ನಿಮ್ಮ ಕಚೇರಿಯ ಗಾಜಿನ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕೂತಿವೆ. ಅವನ್ನು ಬಿಡುಗಡೆ ಮಾಡಿ. ಹಿಂಗಾರಿ ಬಿತ್ತನೆಯ ಉತ್ತರಿ ಮಳೆ ಹೋಯಿತು. ಹಸ್ತ ಮಳೆಗೆ ಇನ್ನು ಒಂಬತ್ತು ದಿನ ಆಯುಷ್ಯ. ಕಡತಕ್ಕೆ ಕಾಲಿಲ್ಲ, ಒಪ್ಪಿದೆ; ಕಾಳಿಗೆ ಕಾಲವಿದೆಯಲ್ಲ? ಇದನ್ನೇ ನಾಲ್ಕು ಅರ್ಜಿಗಳಲ್ಲಿ ಬರೆದೆ. ನೀವು ತೆನೆ ಒಯ್ದು ನಮಗೆ "ತನಿಖೆಯಲ್ಲಿದೆ" ಎಂಬ ಉತ್ತರ ಕೊಟ್ಟಿರಿ. ಆದ್ದರಿಂದ ಈ ಸಲ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಓದುಗರಿಗಾಗಿ ಹೇಳುತ್ತೇನೆ, ಇದು ರೊಟ್ಟಿಯ ಜೋಳವಲ್ಲ. ನಮ್ಮೂರಲ್ಲಿ ಪ್ರತಿ ಒಕ್ಕಲಿಗನೂ ಎರೆಹೊಲದ ನಡುವೆ ನಾಲ್ಕು ಸಾಲು ಇದನ್ನು ಬಿತ್ತುತ್ತಾನೆ. ಕಾಳು ಹಾಲು ತುಂಬಿ ಇನ್ನೂ ಗಟ್ಟಿಯಾಗದಿರುವಾಗ ತೆನೆ ಕೊಯ್ದು, ಕುಳ್ಳಿನ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿದರೆ ಹಸಿರು ಕಾಳು ಬಳಬಳ ಉದುರುತ್ತದೆ. ಅದೇ ಸೀತನಿ. ಎಳೆಯದಿರುವಾಗಲೇ ತಿಂದು ಮುಗಿಸುವ ಜೋಳಕ್ಕೆ ಬೀಜ ಎಲ್ಲಿಂದ ಬರಬೇಕು? ಯಾರಾದರೊಬ್ಬರು ಬಾಯಿ ಕಟ್ಟಲೇಬೇಕು. ಹುನ್ನೂರಿನಲ್ಲಿ ಹಾಗೆ ಬಾಯಿ ಕಟ್ಟಿದ ಮನೆ ಮಾಯವ್ವನದು. ಎಪ್ಪತ್ತು ದಾಟಿದ ಆಕೆ ಅತ್ತೆಯಿಂದ ಬೀಜ ಕಾಯುವ ಕೆಲಸ ವಹಿಸಿಕೊಂಡ ಮೇಲೆ ಸೀತನಿಯ ರುಚಿ ನೋಡಿಲ್ಲ. ಬೀಜ ಒಯ್ದವರು ಬಲಿಯಲು ಬಿಟ್ಟ ಕೆಲವು ತೆನೆಗಳನ್ನು ಸುಗ್ಗಿಗೆ ಆಕೆಯ ಮನೆಗೇ ತಂದು, ಒಲೆಯ ಮೇಲಿನ ಜಂತಿಗೆ ಕಟ್ಟಿ ಹೋಗಬೇಕು. ತಮ್ಮ ಮನೆಯಲ್ಲಿ ಒಂದು ಕಾಳೂ ಇಟ್ಟುಕೊಳ್ಳುವಂತಿಲ್ಲ. ಆಕೆಗೂ ಒಂದು ಕಟ್ಟಳೆ ಉಂಟು: ಬೀಜ ಕೇಳಿ ಬಟ್ಟೆ ಹಾಸಿದವರಿಗೆ ಇಲ್ಲವೆನ್ನುವಂತಿಲ್ಲ.

ಯುಗಾದಿಯ ಮರುದಿನ ನೀವು ಬಂದಿರಿ. ದೇಶೀ ತಳಿಗಳನ್ನು ಕಾಪಾಡುವುದು ಸ್ವತಂತ್ರ ರಾಷ್ಟ್ರದ ಕರ್ತವ್ಯವೆಂದು ಚೆನ್ನಾಗಿಯೇ ಮಾತಾಡಿದಿರಿ. ಕಚೇರಿಯ ಕೃಷಿ ಪ್ರದರ್ಶನಕ್ಕೆ ಕಟ್ಟು ತುಂಬಿ ಕಾಣಬೇಕು, ಇದ್ದಷ್ಟೂ ಕೊಡಿ ಎಂದಿರಿ. ನಿಮ್ಮ ಪಟ್ಟೇವಾಲಾ ಹುಲೆಪ್ಪ ಹೆಗಲ ಮೇಲಿನ ಟವೆಲು ತೆಗೆದು ನೆಲಕ್ಕೆ ಹಾಸಿದ. ಮಾಯವ್ವ ನನ್ನ ಮುಖ ನೋಡಿದಳು. ಊರಿಗೆ ಬಿ.ಎ. ಓದಿದವನು ನಾನೊಬ್ಬನೇ.

"ಇಷ್ಟೂ ಒಯ್ದು ಏನ್ ಮಾಡತಾರೋ ಮಾಸ್ತರ?"

"ಬಿತ್ತತಾರ ಬಿಡಬೇ. ಸರ್ಕಾರದ್ದು ದೊಡ್ಡ ಹೊಲ. ಒಂದಕ್ಕ ಹತ್ತು ತಂದು ಕಟ್ಟತಾರ, ನಿನ್ನ ಜಂತಿ ತಡೀಬೇಕಷ್ಟ."

ನೀವು ನಕ್ಕಿರಿ. ನಾನೂ ನಕ್ಕೆ. ಮಾತಿನ ಚಟದವನು, ನಗೆ ಹುಟ್ಟಿದರೆ ಸಾಕು, ಅದು ಯಾರ ಹೊಲದಲ್ಲಿ ಬೆಳೆಯುತ್ತದೆಂದು ನೋಡುವವನಲ್ಲ. ಮಾಯವ್ವ ನಗಲಿಲ್ಲ. ನಿಚ್ಚಣಿಕೆ ಹತ್ತಿ ಒಂದೊಂದೇ ತೆನೆ ಬಿಚ್ಚಿ ಟವೆಲಿಗೆ ಹಾಕಿದಳು. ಇಡೀ ಊರಿನ ಬೀಜ ಅದು.

ನೀವು ಬಿತ್ತಲಿಲ್ಲ. ಪ್ರದರ್ಶನ ಮುಗಿದ ಮೇಲೆ ಕಪಾಟಿನಲ್ಲಿಟ್ಟು, "ಸಂರಕ್ಷಿತ ತಳಿ" ಎಂದು ಚೀಟಿ ಅಂಟಿಸಿದಿರಿ. ಸ್ವಾಮಿ, ಬಿತ್ತದ ಬೀಜ ಬತ್ತುತ್ತದೆ ಎಂಬುದು ಒಕ್ಕಲುತನದ ಖಾತೆಗೂ ಹೊಸ ಸುದ್ದಿಯೇ? ನಿಮ್ಮ ಮೊಹರು ಮೊಳಕೆಯೊಡೆಯುತ್ತದೆಯೇ? ತೆನೆ ಕೇಳಲು ನಾನು ಮೊದಲ ಸಲ ಬಂದಾಗ ಕಪಾಟಿನ ಕೀಲಿಕೈ ನಿಮ್ಮೊಡನೆ ಬೀಳಗಿಯ ಕಡೆ ಹಳ್ಳಿ ಸುತ್ತುವ ಫಿರತಿಗೆ ಹೋಗಿತ್ತು. ಎರಡನೆಯ ಸಲ ನಿಮ್ಮ ಕಾರಕೂನರು, ಮಾದರಿಯನ್ನು ಒಳಗೆ ತೆಗೆದುಕೊಳ್ಳಲು ನಮೂನೆ ಉಂಟು, ಹೊರಗೆ ಕೊಡಲು ಇಲ್ಲ ಎಂದರು. ಎಂಥ ಕಚೇರಿ! ನಮ್ಮೂರ ಇಲಿಬೋನೂ ಇದೇ ನಮೂನೆಯದು. ಮೂರನೆಯ ಸಲ ಹುಲೆಪ್ಪ ನನ್ನನ್ನು ಹೊರಗಿನ ಬೇವಿನ ಗಿಡದ ಕೆಳಗೆ ಕರೆದೊಯ್ದ.

"ಮಾಸ್ತರ, ಕಪಾಟದಾಗ ಹಿಟ್ಟು ಉದರಾಕತ್ತೈತ್ರಿ. ನುಸಿ ಹತ್ತೈತಿ. ಟವೆಲ್ ಹಾಸಿದಾಂವ ನಾನ. ಆ ಮುದುಕಿಗೆ ಹೆಂಗ ಮಾರಿ ತೋರಿಸಲಿ?"

ಒಲೆಯ ಹೊಗೆ ಎರಡು ತಲೆಮಾರು ತಡೆದ ನುಸಿಯನ್ನು ನಿಮ್ಮ ಗಾಜು ಆರು ತಿಂಗಳು ತಡೆಯಲಿಲ್ಲ. ಅಂದಿನಿಂದ ಬೇರೆ ಕಡೆ ಇದೇ ಬೀಜ ಹುಡುಕತೊಡಗಿದೆ. ಲೋಕಾಪುರ, ಮುಧೋಳ, ಬೀಳಗಿ ಸುತ್ತಿ ಬಂದೆ. ಜೋಳ ಬೇಕಾದಷ್ಟಿದೆ, ಕೈಯಲ್ಲಿ ತಿಕ್ಕಿದರೆ ಸಿಪ್ಪೆ ಬಿಡುವ ಈ ಜೋಳ ಮಾತ್ರ ಇಲ್ಲ.

ಮೊನ್ನೆ ಮಾಯವ್ವನ ಹೊಲಕ್ಕೆ ಹೋದೆ. ಬಿತ್ತನೆ ಮುಗಿದಿತ್ತು. ನಡುವೆ ನಾಲ್ಕು ಸಾಲು ಹಸನು ಮಾಡಿ ಬರಿದೇ ಬಿಟ್ಟಿದ್ದಳು. ನಿಜ ಹೇಳಬೇಕೆಂದೇ ಹೋಗಿದ್ದೆ; ಆಕೆಯೇ ಮೊದಲು ಮಾತಾಡಿದಳು. ಸರ್ಕಾರದ ಹೊಲದಲ್ಲಿ ಈ ಸಲ ಮಳೆ ಕಡಿಮೆಯಾಯಿತೇ ಎಂದು ಕೇಳಿದಳು. ನಾನು ಬಗ್ಗಿ ಆ ಬರಿ ಸಾಲಿನ ಹೆಂಟೆ ಪುಡಿಮಾಡತೊಡಗಿದೆ; ಆಕೆ ಹೌದೆಂದೇ ತಿಳಿದುಕೊಂಡಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಮೂನೆ ಇಲ್ಲದಿದ್ದರೆ ಈ ಪತ್ರವನ್ನೇ ನಮೂನೆಯೆಂದು ತಿಳಿದು ಸಹಿ ಹಾಕಿ. ಕೀಲಿಕೈ ಕಳೆದಿದ್ದರೆ ಗಾಜು ಒಡೆಯಿರಿ. ಒಡೆದವನು ನಾನೆಂದು ಬರೆದುಕೊಳ್ಳಿ. ನುಸಿ ತಿಂದು ಉಳಿದ ಒಂದು ಹಿಡಿ ಸಾಕು, ಅದರಲ್ಲಿ ಹತ್ತು ಕಾಳು ಹುಟ್ಟಿದರೂ ಸಾಕು. ಹಸ್ತ ಮಳೆ ಮುಗಿಯುವುದರೊಳಗೆ ನೀವೇ ತಂದುಕೊಡಿ. ಬೈಗುಳದ ಭಯ ಬೇಡ. ಮಾಯವ್ವ ನಿಮಗೆ ಹೇಳಿ ಕಳಿಸಿದ್ದನ್ನು ಇದ್ದಂತೆಯೇ ಬರೆಯುತ್ತೇನೆ:

"ಬೆಳಿ ಹೋಗಿದ್ರ ನಾಚಬ್ಯಾಡ್ರಿ ಅನ್ನು. ಎಲ್ಲಾರಿಗೂ ಒಂದ್ ವರ್ಷ ಹಂಗ ಆಗತೈತಿ. ಇದ್ದಷ್ಟ ತರಲಿ."

ಇಂತಿ,
ಒಂದಕ್ಕೆ ಹತ್ತು ಎಂದು ನಗಿಸಿ, ಈಗ ಹತ್ತು ಕಾಳಿಗೆ ಕೈಯೊಡ್ಡಿ ನಿಂತ
ಶಿವಯೋಗೆಪ್ಪ ಮಾಸ್ತರ, ಬಿ.ಎ.
ಹುನ್ನೂರ