ಮೈಕಿನಿಂದ ಒಂದು ಹೆಜ್ಜೆ ಹಿಂದೆ

ಕುರಾಮೊಚಿ-ಸಾನ್,

ನೀವು ತೀರಿಕೊಂಡು ವರ್ಷವಾಗುತ್ತಾ ಬಂತು. ಇವತ್ತು ನಮ್ಮ ನೀರುನಾಯಿ ಮರಿಯ ಕಾರ್ಟೂನಿಗೆ ದನಿ ಕೊಡಲು ಹೋಗಿ ಬೈಸಿಕೊಂಡು ಬಂದೆ. ಅದೂ ಅರವತ್ತಮೂರನೇ ವಯಸ್ಸಿನಲ್ಲಿ, ಮುನ್ನೂರು ಪಾತ್ರಗಳಿಗೆ ದನಿಯಾದ ಮೇಲೆ.

ಈಗ ಶಿಂಜುಕು ಸ್ಟುಡಿಯೋದಲ್ಲಿ ಯಾರೂ ಒಟ್ಟಿಗೆ ನಿಲ್ಲುವುದಿಲ್ಲ. ಒಬ್ಬೊಬ್ಬರೇ ಬಂದು ತಮ್ಮ ಮಾತು ಹೇಳಿ ಹೋಗುತ್ತಾರೆ. ನಿಮ್ಮ ಮುದಿ ಕಾಗೆಯ ಪಾತ್ರಕ್ಕೆ ಬಂದ ಹೊಸಬ ನಿನ್ನೆಯೇ ಮುಗಿಸಿದ್ದಾನೆ. ಅವನ ದನಿ ನನಗೆ ಹೆಡ್‌ಫೋನಿನಲ್ಲಿ ಬರುತ್ತದೆ.

ನನ್ನ ಸಾಲು ಮುಗಿದ ಕೂಡಲೇ, ನಾವಿಬ್ಬರೂ ಒಂದೇ ಮೈಕ್ ಹಂಚಿಕೊಳ್ಳುತ್ತಿದ್ದ ದಿನಗಳಂತೆ ನಿಮಗೆ ಅದನ್ನು ಬಿಟ್ಟುಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದೆ. ನೀವಾದರೆ ಮಾತಿಗೆ ಮೊದಲು ಒಂದು ಉಸಿರು ಎಳೆಯುತ್ತಿದ್ದಿರಿ. ಇವನು ಎಳೆಯುವುದಿಲ್ಲ. ನಾನು ವಾಪಸ್ ಮೈಕಿಗೆ ಬರುವಷ್ಟರಲ್ಲಿ ಅವನ ಮಾತೇ ಮುಗಿದು, ನನ್ನ ಮುಂದಿನ ಸಾಲು ತಡವಾಗಿತ್ತು. ಐದು ಸಲ ರೆಕಾರ್ಡ್ ಮಾಡಿದರೂ ಅದೇ ಕಥೆ.

"ಮಿನೆಗಿಶಿ-ಸಾನ್, ಯಾರಿಗೆ ಜಾಗ ಬಿಡ್ತಿದೀರಿ?" ಗಾಜಿನಾಚೆಯಿಂದ ನಿರ್ದೇಶಕಿ ಕೇಳಿದಳು. "ಅಲ್ಲಿ ನೀವೊಬ್ಬರೇ ಇರೋದು."

"ಏನ್ ಮಾಡ್ಲಮ್ಮ, ಮೂವತ್ತು ವರ್ಷದ ಅಭ್ಯಾಸ. ಕಾಲು ತಾನಾಗೇ ಹೋಗತ್ತೆ."

"ಹಾಗಾದ್ರೆ ಕಾಲಿಗೆ ಸ್ವಲ್ಪ ಹೇಳಿ."

ಕೊನೆಗೆ ನಾನು ಸರಿಯದ ಹಾಗೆ ಬೆನ್ನ ಹಿಂದೆ ಕುರ್ಚಿ ಇಟ್ಟರು. ಕಟ್ಟಿಹಾಕಿದ ಮೇಕೆಯ ಹಾಗೆ ನಿಂತು ಇಡೀ ಕಂತು ಮುಗಿಸಿದೆ.

ನಿಮ್ಮ ದನಿ ಒಡೆಯಲು ಶುರುವಾದ ವರ್ಷ, ಎಲ್ಲರ ಮುಂದೆ ನಾನೇ ಅಂದಿದ್ದೆ: "ಆಗಲ್ಲ ಅಂದ್ರೆ ಮೈಕ್ ಬಿಡಿ." ನೀವು ತಲೆ ಬಾಗಿಸಿ ಒಂದು ಹೆಜ್ಜೆ ಹಿಂದೆ ಸರಿದಿರಿ. ಮತ್ತೆಂದೂ ಮೈಕಿನ ಮುಂದೆ ಬರಲಿಲ್ಲ.

ನಾನು ನನ್ನ ಮುಂದಿನ ಸಾಲು ಹೇಳಿದೆ. ಅವತ್ತು ಒಂದು ಚೂರೂ ತಡವಾಗಿರಲಿಲ್ಲ.

ಮಿನೆಗಿಶಿ